ಒಂದೇ ಊಟಕ್ಕೆ ಎರಡು ಕಟ್ಟಳೆ

ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸಿದ್ದೇನೆ. ಆರು ವರ್ಷದ ಮಗಳು ಮತ್ತು ಮೂರು ವರ್ಷದ ಮಗನಿರುವ ದಂಪತಿ ನನ್ನ ಬಳಿಗೆ ಬಂದದ್ದು, ಮಗ ಊಟವನ್ನೇ ಮಾಡುವುದಿಲ್ಲವೆಂಬ ದೂರಿನೊಂದಿಗೆ. ಮಾತು ಮುಗಿಸಿ ಏಳುವ ಹೊತ್ತಿಗೆ ತಾಯಿ, "ಮೇಡಂ, ಮಗಳದ್ದು ಇದಕ್ಕೆ ತದ್ವಿರುದ್ಧ. ಅವಳ ಹಾಸಿಗೆಯ ಕೆಳಗೆ ಬಿಸ್ಕತ್ತಿನ ಖಾಲಿ ಪೊಟ್ಟಣಗಳು ಸಿಕ್ಕಿವೆ" ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಆಪ್ತಸಲಹೆಯಲ್ಲಿ ನಿಜವಾದ ವಿಷಯ ಎಷ್ಟೋ ಸಲ ಹೀಗೆ ಬಾಗಿಲ ಬಳಿಯೇ ಹೊರಬೀಳುತ್ತದೆ.

ಮಕ್ಕಳ ವೈದ್ಯರು ಇಬ್ಬರನ್ನೂ ಪರೀಕ್ಷಿಸಿ, ಕಾಯಿಲೆಯೇನೂ ಇಲ್ಲವೆಂದು ಬರೆದುಕೊಟ್ಟಿದ್ದರು. ಮಗಳ ಎತ್ತರ 117 ಸೆಂ.ಮೀ., ತೂಕ 25 ಕೆ.ಜಿ.; ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ ಇದು ಬೊಜ್ಜಲ್ಲ, ಆದರೆ ಅಧಿಕ ತೂಕ. ಮಗನ ತೂಕ 13 ಕೆ.ಜಿ.; ಸರಾಸರಿಗಿಂತ ತುಸು ಕಡಿಮೆಯಾದರೂ ಸಹಜ ಮಿತಿಯೊಳಗೇ ಇತ್ತು, ಮತ್ತು ಒಂದೂವರೆ ವರ್ಷದಿಂದ ಬೆಳವಣಿಗೆಯ ಪಟ್ಟಿಯಲ್ಲಿ ಅವನ ಗೆರೆ ಕೆಳಗಿಳಿದಿರಲಿಲ್ಲ. ಹುಟ್ಟಿದ ಮೊದಲ ವರ್ಷದಲ್ಲಿ ಮಗುವಿನ ತೂಕ ಸುಮಾರು ಮೂರು ಪಟ್ಟಾಗುತ್ತದೆ. ಎರಡು ವರ್ಷ ದಾಟಿದ ಮೇಲೆ ವರ್ಷಕ್ಕೆ ಏರುವುದು ಎರಡು ಕೆ.ಜಿ.ಯ ಆಸುಪಾಸು ಮಾತ್ರ. ಬೆಳವಣಿಗೆ ನಿಧಾನವಾದಂತೆ ಹಸಿವೂ ತಗ್ಗುವುದು ಸಹಜವೆಂಬುದನ್ನು ಈ ಮನೆಯವರಿಗೆ ಯಾರೂ ತಿಳಿಸಿದಂತಿರಲಿಲ್ಲ.

ಒಂದು ರಾತ್ರಿಯ ಊಟವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತರುವಂತೆ ಕೇಳಿಕೊಂಡೆ. ಮಗನ ಕಣ್ಣು ಎದುರಿನ ಇನ್ನೊಂದು ಮೊಬೈಲಿನ ಮೇಲಿತ್ತು. ಅಜ್ಜಿ ಇಟ್ಟ ತುತ್ತನ್ನು ಅವನು ಅಗಿಯದೆ, ನುಂಗದೆ, ಎಡದವಡೆಯಲ್ಲಿ ಒತ್ತರಿಸಿಕೊಂಡು ಕುಳಿತಿದ್ದ. ಮಗಳು ಮಾತ್ರ ಬೇಗಬೇಗನೆ ತಿನ್ನುತ್ತಿದ್ದಳು. "ಸಾಕು ಪುಟ್ಟಿ, ಆಗಲೇ ದಪ್ಪ ಆಗಿದ್ದೀಯ" ಎನ್ನುತ್ತಾ ತಾಯಿ ಅವಳ ತಟ್ಟೆಯಿಂದ ಒಂದು ಚಮಚದಷ್ಟನ್ನು ತೆಗೆದು ತಮ್ಮನ ತಟ್ಟೆಗೆ ಹಾಕಿದರು. ಆ ಚಮಚ ಹೋದ ದಾರಿಯನ್ನೇ ಮಗಳ ಕಣ್ಣು ಹಿಂಬಾಲಿಸಿತು. ಆ ತುಣುಕನ್ನು ನಾನು ಎರಡು ಸಲ ತೋರಿಸಿದೆ. ಎರಡನೆಯ ಸಲ ತಂದೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡರು.

ಅವರು ತಿಳಿದಂತೆ ಇವು ಎರಡು ಸಮಸ್ಯೆಗಳಲ್ಲ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಎಷ್ಟು ತಿನ್ನಬೇಕೆಂಬ ನಿರ್ಧಾರವನ್ನು ದೊಡ್ಡವರು ಇಬ್ಬರು ಮಕ್ಕಳ ಹೊಟ್ಟೆಯಿಂದಲೂ ಕಸಿದುಕೊಂಡಿದ್ದರು. ಒತ್ತಾಯಿಸಿದಷ್ಟೂ ಮಗುವಿಗೆ ಆ ತಿನಿಸಿನ ಮೇಲೆ ಬೇಸರ ಬೆಳೆಯುತ್ತದೆ, ಬಚ್ಚಿಟ್ಟಷ್ಟೂ ಆಸೆ ಬೆಳೆಯುತ್ತದೆ. ಆಹಾರತಜ್ಞೆ ಎಲಿನ್ ಸ್ಯಾಟರ್ ಸೂಚಿಸಿದ ಹೊಣೆಗಾರಿಕೆಯ ಹಂಚಿಕೆಯನ್ನೇ ಅವರ ಮುಂದಿಟ್ಟೆ: ಏನು, ಯಾವಾಗ, ಎಲ್ಲಿ ಎಂಬುದನ್ನು ತಂದೆತಾಯಿ ನಿರ್ಧರಿಸಬೇಕು, ತಿನ್ನಬೇಕೇ, ತಿಂದರೆ ಎಷ್ಟು ಎಂಬುದನ್ನು ಮಗುವಿಗೆ ಬಿಡಬೇಕು. ಇದು ಇಬ್ಬರಿಗೂ ಒಂದೇ ರೀತಿಯಲ್ಲಿ ಅನ್ವಯಿಸಬೇಕು.

ಮಗಳನ್ನು ತೆಳ್ಳಗಾಗಿಸುವ ಪಥ್ಯಕ್ಕೆ ಹಚ್ಚಬಾರದೆಂದು ಸ್ಪಷ್ಟವಾಗಿ ಹೇಳಿದೆ. ಈ ವಯಸ್ಸಿನಲ್ಲಿ ತೂಕ ಇಳಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ತೂಕದ ಏರಿಕೆ ನಿಧಾನವಾದರೆ ಎತ್ತರ ತಾನಾಗಿಯೇ ಅದನ್ನು ಹಿಂದಿಕ್ಕುತ್ತದೆ. ಬಿಸ್ಕತ್ತು, ಸಿಹಿ ಪಾನೀಯಗಳ ದಾಸ್ತಾನನ್ನು ಮನೆಯವರೆಲ್ಲರಿಗೂ ಕಡಿಮೆ ಮಾಡಿ, ವಾರಕ್ಕೆ ಒಂದೆರಡು ಸಲ ಸಿಹಿಯನ್ನು ಊಟದ ಜೊತೆಗೇ, ಬಹುಮಾನವೆಂದಲ್ಲದೆ, ಇಬ್ಬರಿಗೂ ಸಮನಾಗಿ ಬಡಿಸಲು ತಿಳಿಸಿದೆ. ದಪ್ಪ, ಸಣಕಲು ಎಂಬ ಮಾತುಗಳು ಊಟದ ಹೊತ್ತಿನಲ್ಲಿ, ಪ್ರೀತಿಯಿಂದಲೂ, ಬರಬಾರದು.

ಮಗನ ವಿಷಯದಲ್ಲಿ ಮೊದಲು ಕೇಳಿದ್ದು ಹಾಲಿನ ಲೆಕ್ಕ. ರಾತ್ರಿಯ ಬಾಟಲಿಯೂ ಸೇರಿ ದಿನಕ್ಕೆ 900 ಮಿ.ಲೀ. ಕುಡಿಯುವ ಮಗುವಿಗೆ ಊಟಕ್ಕೆ ಹಸಿವಾದರೂ ಎಲ್ಲಿಂದ ಬರಬೇಕು? ಅತಿಯಾದ ಹಾಲಿನಿಂದ ಕಬ್ಬಿಣಾಂಶದ ಕೊರತೆಯೂ ಉಂಟಾಗಬಹುದಾದ್ದರಿಂದ, ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ವಿಚಾರಿಸಲು ಹೇಳಿ, ಹಾಲನ್ನು ಕ್ರಮೇಣ 400 ಮಿ.ಲೀ.ಗೆ ಇಳಿಸಿ ಲೋಟದಲ್ಲೇ ಕೊಡಲು ಸೂಚಿಸಿದೆ. ಎರಡು ಊಟಗಳ ನಡುವೆ ಎರಡು-ಮೂರು ಗಂಟೆ ನೀರಲ್ಲದೆ ಬೇರೇನೂ ಬೇಡ. ಅರ್ಧ ಗಂಟೆಯಾದ ಮೇಲೆ ಬೈಗುಳವಿಲ್ಲದೆ ತಟ್ಟೆ ಎತ್ತಿಬಿಡಬೇಕು. ಹೊಸ ತರಕಾರಿಯನ್ನು ಮಗು ಒಪ್ಪಲು ಹತ್ತು-ಹದಿನೈದು ಸಲ ಎದುರಿಗಿಡಬೇಕಾಗಬಹುದು ಎಂದಾಗ ತಾಯಿ, "ನಾನು ಮೂರನೇ ಸಲಕ್ಕೇ ಬಿಟ್ಟುಬಿಟ್ಟಿದ್ದೆ" ಎಂದು ನಕ್ಕರು.

ಮೊದಲ ಎರಡು ವಾರ ಕಷ್ಟವೇ ಆಯಿತು. ಮಗಳು ಮೂರು ಮೂರು ಸಲ ಬಡಿಸಿಕೊಂಡಳು. ಗಾಬರಿಯಾದ ತಂದೆ ಎರಡು ಬಾರಿ ಕರೆ ಮಾಡಿದರು. ತಡೆದಿಟ್ಟ ಕೈ ನಿಜವಾಗಿಯೂ ಹಿಂದೆ ಸರಿದಿದೆಯೇ ಎಂದು ಮಗು ಪರೀಕ್ಷಿಸುವ ಅವಧಿ ಅದು, ತಾಳಿಕೊಳ್ಳಿ ಎಂದೆ.

ನಾಲ್ಕು ತಿಂಗಳ ನಂತರ ಮಗಳ ಎತ್ತರ 119 ಸೆಂ.ಮೀ. ಆಗಿತ್ತು, ತೂಕ ಅಷ್ಟೇ ಇತ್ತು. ಹಾಸಿಗೆಯ ಕೆಳಗೆ ಮತ್ತೆ ಪೊಟ್ಟಣಗಳು ಸಿಕ್ಕಿಲ್ಲ. ಒಂದು ದಿನ ಅರ್ಧ ಸಿಹಿಯನ್ನು ತಟ್ಟೆಯಲ್ಲೇ ಬಿಟ್ಟು ಆಡಲು ಎದ್ದು ಹೋದಳೆಂದು ತಾಯಿ ಹೇಳಿದರು. ಮಗ ಈಗ ತನ್ನ ಕೈಯಿಂದಲೇ ತಿನ್ನುತ್ತಾನೆ, ಆದರೆ ತರಕಾರಿ ಮುಟ್ಟುವುದಿಲ್ಲ. ಮೊಬೈಲು ಇಲ್ಲದಿದ್ದರೂ ಅಜ್ಜಿ ಬಟ್ಟಲು ಹಿಡಿದು ಅವನ ಹಿಂದೆ ಓಡಾಡುವುದು ಇನ್ನೂ ನಿಂತಿಲ್ಲ. ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.