ಅಜ್ಜನ ಮಳೆ ಪುಸ್ತಕದಲ್ಲಿ ಒಂದು ಪ್ರಾಜೆಕ್ಟ್ ಇದೆಯಾ?

ಡಿಗ್ರಿ ಓದುವಾಗಲೇ ಮೇಷ್ಟ್ರ ಜೊತೆ ಸೇರಿ ಸಂಶೋಧನೆ ಮಾಡುವುದು, ಅದನ್ನು ನಾಲ್ಕು ಜನರ ಮುಂದೆ ಹೇಳುವುದು. ಈ ಸಲ ಕೊಡಗಿನ ಓದುಗರಿಂದ ಬಂದ ಪತ್ರಗಳೆಲ್ಲ ಇದರ ಬಗ್ಗೆಯೇ. ಡಿಗ್ರಿ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಪ್ರಾಧ್ಯಾಪಕರೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಮುಂದಿನ ವರ್ಷ ಪ್ರಾಜೆಕ್ಟ್ ಮಾಡಿ ಸೆಮಿನಾರ್‌ನಲ್ಲಿ ಮಂಡಿಸಬೇಕು. ಸೀನಿಯರ್‌ಗಳು ಹಳೇ ರಿಪೋರ್ಟ್ ಕೊಟ್ಟು "ಹೆಸರು ಬದಲಾಯಿಸಿದ್ರೆ ಸಾಕು" ಅಂತಾರೆ. ನನಗೆ ಹಾಗೆ ಮಾಡಲು ಮನಸ್ಸಿಲ್ಲ. ನಮ್ಮ ಅಜ್ಜ 1981ರಿಂದ ತೋಟದ ಮಳೆ ಲೆಕ್ಕ ಬರೆದಿಟ್ಟಿದ್ದಾರೆ. ಅದರಲ್ಲಿ ಪ್ರಾಜೆಕ್ಟ್ ಆಗುತ್ತದಾ? ಸರ್ ಹತ್ತಿರ ಕೇಳಲು ಭಯ.
ವಿದ್ಯಾರ್ಥಿನಿ, ನಾಪೋಕ್ಲು

ಉತ್ತರ: ಖಂಡಿತ ಆಗುತ್ತದೆ. ನಿಮ್ಮ ಪತ್ರ ಓದಿ ನನಗೆ ತುಂಬಾ ಖುಷಿಯಾಯಿತು. ಬೆಳಿಗ್ಗೆ ಎದ್ದು ಮಳೆಮಾಪಕದ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, "ಒಂದು ಇಂಚು ಇಪ್ಪತ್ತು ಸೆಂಟು" ಅಂತ ಡೈರಿಗೆ ಬರೆಯುವ ಹಿರಿಯರು ಕೊಡಗಿನ ತೋಟಗಳಲ್ಲಿ ಇನ್ನೂ ಇದ್ದಾರೆ. ಆ ಡೈರಿ ಹಳೇ ಪೇಪರಿನ ಜೊತೆ ಗುಜರಿಗೆ ಹೋಗುವ ಮೊದಲು ನಿಮ್ಮ ಕಣ್ಣಿಗೆ ಬಿದ್ದಿದೆಯಲ್ಲ, ಅದೇ ದೊಡ್ಡದು.

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿ. "ಕೊಡಗಿನಲ್ಲಿ ಮಳೆ ಕಡಿಮೆಯಾಗಿದೆಯಾ?" ಅನ್ನುವ ಪ್ರಶ್ನೆಗೆ ಒಂದು ತೋಟದ ಪುಸ್ತಕ ಉತ್ತರ ಕೊಡಲಾರದು. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರ. ಅದರ ಬದಲು ಹೀಗೆ ಕೇಳಿ: ಜನವರಿ 1ರ ನಂತರ ಒಂದೇ ದಿನ ಒಂದು ಇಂಚು ಅಥವಾ ಅದಕ್ಕಿಂತ ಜಾಸ್ತಿ ಮಳೆ ನಮ್ಮ ತೋಟದಲ್ಲಿ ಮೊದಲು ಬಿದ್ದದ್ದು ಯಾವತ್ತು? ಆ ದಿನ ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಆಗಿದೆಯಾ? ಇದನ್ನು ಎಣಿಸಬಹುದು, ಮೂರು ತಿಂಗಳಲ್ಲಿ ಮುಗಿಸಬಹುದು. ಇದರ ಬೆಲೆ ಏನು ಅಂತ ತೋಟದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅದೇ ಹೂ ಮಳೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಒಳ್ಳೆಯ ಮಳೆ ಬಂದರೆ ವಾರ ಹತ್ತು ದಿನದಲ್ಲಿ ರೊಬಸ್ಟಾ ಕಾಫಿ ತೋಟ ಹೂವು ಬಿಟ್ಟು ಬೆಳ್ಳಗಾಗುತ್ತದೆ. ಬರದಿದ್ದರೆ ಮೊಗ್ಗು ಹಾಗೇ ಕಾಯುತ್ತದೆ, ಮನೆಯವರೂ ಕಾಯುತ್ತಾರೆ.

ಈಗ ಪುಸ್ತಕ ಬಿಚ್ಚಿ. ಇಂಚನ್ನು 25.4ರಿಂದ ಗುಣಿಸಿದರೆ ಮಿಲಿಮೀಟರ್ ಬರುತ್ತದೆ, ಅದು ಸುಲಭ. ಕಷ್ಟ ಇರುವುದು ಬೇರೆ ಕಡೆ. ಒಂದು ಪುಟದಲ್ಲಿ "2-4" ಅಂತ ಬರೆದಿದೆ ಅಂದುಕೊಳ್ಳಿ. ಅದು ಎರಡು ಇಂಚು ನಾಲ್ಕು ಸೆಂಟಾ, ಎರಡು ಇಂಚು ನಲವತ್ತು ಸೆಂಟಾ? ಇಂಚಿಗೆ ನೂರು ಸೆಂಟು. ಮೊದಲನೆಯದಾದರೆ 51.8 ಮಿ.ಮೀ., ಎರಡನೆಯದಾದರೆ 61 ಮಿ.ಮೀ. ಒಂದೇ ದಿನಕ್ಕೆ 9 ಮಿ.ಮೀ. ವ್ಯತ್ಯಾಸ! ಇದನ್ನು ಯಾವ ಪುಸ್ತಕವೂ ಹೇಳುವುದಿಲ್ಲ, ಅಜ್ಜನೇ ಹೇಳಬೇಕು. ಹಾಗಾಗಿ ನಿಮ್ಮ ಸಂಶೋಧನೆಯ ಮೊದಲ ದಿನ ಶುರುವಾಗುವುದು ಅಜ್ಜನ ಪಕ್ಕ ಕುಳಿತಾಗ.

ಅವರ ಹತ್ತಿರ ಇನ್ನೂ ಕೆಲವು ವಿಷಯ ಕೇಳಿ. ಯಾವ ಹೊತ್ತಿಗೆ ಅಳೆಯುತ್ತಿದ್ದರು? ಅಳತೆ ಗ್ಲಾಸ್ ಯಾವಾಗಲಾದರೂ ಒಡೆದು ಬೇರೆ ತಂದಿದ್ದರಾ? ಗ್ಲಾಸ್ ಆ ಮಾಪಕದ ಬಾಯಿಯ ಅಗಲಕ್ಕೆ ಹೊಂದುವಂಥದ್ದೇ ಆಗಿರಬೇಕು, ಬೇರೆಯದು ತಂದಿದ್ದರೆ ಅಲ್ಲಿಂದ ಮುಂದಿನ ಲೆಕ್ಕವೆಲ್ಲ ತಪ್ಪು. ಆಗ ನೆಟ್ಟ ಸಿಲ್ವರ್ ಓಕ್ ಈಗ ಮಾಪಕದ ತಲೆ ಮೇಲೆ ಬಂದಿದೆಯಾ? ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿ ಮಾಪಕ ಇರಬೇಕು ಅನ್ನುವುದು ರೂಢಿ. ಮದುವೆಗೆ ಹೋದ ದಿನಗಳಲ್ಲಿ ಯಾರು ಅಳೆದರು, ಅಥವಾ ಎರಡು ದಿನದ್ದು ಸೇರಿಸಿ ಬರೆದರಾ? ಖಾಲಿ ಬಿಟ್ಟ ಜಾಗ ಅಂದರೆ ಮಳೆ ಇಲ್ಲ ಅಂತಾನಾ, ಅಳೆದಿಲ್ಲ ಅಂತಾನಾ? ಸೊನ್ನೆ ಬೇರೆ, ಖಾಲಿ ಬೇರೆ. ಎಕ್ಸೆಲ್‌ಗೆ ಹಾಕುವಾಗ ಇವೆರಡನ್ನೂ ಒಂದೇ ಮಾಡಿಬಿಟ್ಟರೆ ಕೆಲಸ ಅಲ್ಲೇ ಕೆಟ್ಟಿತು.

ಪ್ರತಿ ಪುಟದ ಫೋಟೋ ತೆಗೆದಿಡಿ. ಎಕ್ಸೆಲ್‌ನ ಒಂದು ಕಾಲಂನಲ್ಲಿ ಅಜ್ಜ ಬರೆದದ್ದು ಇದ್ದ ಹಾಗೇ ಇರಲಿ, ಪಕ್ಕದ ಕಾಲಂನಲ್ಲಿ ನೀವು ಬದಲಾಯಿಸಿದ ಅಂಕಿ ಬರಲಿ. ಅಳಿಸಿ ತಿದ್ದಬೇಡಿ. ಅಜ್ಜ ಹೂವು ಅರಳಿದ ದಿನವನ್ನೂ ಬರೆದಿದ್ದರೆ ಒಂದು ಎಚ್ಚರ ಇರಲಿ. ಸ್ಪ್ರಿಂಕ್ಲರ್ ಬಂದ ಮೇಲೆ ಎಷ್ಟೋ ತೋಟಗಳಲ್ಲಿ ಹೂವು ಮಳೆಗೆ ಕಾಯುವುದಿಲ್ಲ, ಮೋಟಾರಿಗೆ ಕಾಯುತ್ತದೆ. ನಿಮ್ಮಲ್ಲಿ ಯಾವ ವರ್ಷದಿಂದ ನೀರು ಹಾಯಿಸುತ್ತಿದ್ದಾರೆ ಅಂತ ತಿಳಿಯದೆ ಮಳೆಗೂ ಹೂವಿಗೂ ಗಂಟು ಹಾಕಬೇಡಿ.

ಇನ್ನು ಸರ್ ವಿಷಯ. ಭಯ ಬೇಡ. ಆದರೆ ಬರಿಗೈಯಲ್ಲಿ ಹೋಗಿ "ಸರ್, ಒಂದು ಟಾಪಿಕ್ ಕೊಡಿ" ಅನ್ನಬೇಡಿ. ವಾರಕ್ಕೆ ಹದಿನಾರು ಗಂಟೆ ಪಾಠ, ಅದರ ಮೇಲೆ ಪರೀಕ್ಷೆ, ನ್ಯಾಕ್ (ಕಾಲೇಜಿಗೆ ಗ್ರೇಡ್ ಕೊಡುವ ಮಂಡಳಿ) ಕೆಲಸ ಇರುವವರಿಗೆ ತಕ್ಷಣ ಏನು ಹೊಳೆಯುತ್ತದೆ ಹೇಳಿ? ಹಳೇ ಟಾಪಿಕ್ಕೇ ಹೊಳೆಯುವುದು. ಒಂದು ಪುಟ ಬರೆದುಕೊಂಡು ಹೋಗಿ: ನನ್ನ ಪ್ರಶ್ನೆ ಇದು, ನನ್ನ ಹತ್ತಿರ ಇರುವುದು ಇದು, ಇಷ್ಟು ದಿನದಲ್ಲಿ ಮಾಡುತ್ತೇನೆ, ನಿಮ್ಮಿಂದ ಬೇಕಾದದ್ದು ಇದು. ಜೊತೆಗೆ ಅಜ್ಜನ ಪುಸ್ತಕದ ಒಂದು ಪುಟದ ಫೋಟೋ ತೋರಿಸಿ. ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಕೇಳಿಕೊಳ್ಳಿ. ಗ್ರಾಫ್ ಹಾಕಿಕೊಡಿ ಅಂತ ಕೇಳಬೇಡಿ. ನೀವು ಹಾಕಿದ ಗ್ರಾಫ್‌ನಲ್ಲಿ ತಪ್ಪು ಹುಡುಕಿಕೊಡಿ ಅಂತ ಕೇಳಿ. ಒಳ್ಳೆಯ ಮಾರ್ಗದರ್ಶಕರು ಮಾಡುವ ಕೆಲಸ ಅದೇ.

ಪ್ರಶ್ನೆ: ಮಗ ಬಿ.ಎ. ಕೊನೇ ವರ್ಷ. ಅವನ ಮೇಡಂ ಜೊತೆ ಸೇರಿ ತೋಟದ ಲೈನ್‌ಮನೆಗಳಿಗೆ ಹೋಗಿ ಕಾರ್ಮಿಕರನ್ನು ಮಾತಾಡಿಸಿ ಬರೆದುಕೊಂಡು ಬರುತ್ತಾನೆ. ಇದರಿಂದ ಕೆಲಸ ಸಿಗುತ್ತದಾ? ಆ ಹೊತ್ತಿನಲ್ಲಿ ಕೋಚಿಂಗ್‌ಗೆ ಹೋಗಬಹುದಿತ್ತು.
ತಂದೆ, ಸುಂಟಿಕೊಪ್ಪ

ಉತ್ತರ: ನಿಮ್ಮ ಚಿಂತೆ ಸರಿಯಾದದ್ದೇ. ಒಂದು ಪ್ರಾಜೆಕ್ಟ್ ಮಾಡಿದ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ. ಆದರೆ ಎಂ.ಎ. ಸೀಟಿಗೋ ಕೆಲಸಕ್ಕೋ ಸಂದರ್ಶನಕ್ಕೆ ಕುಳಿತಾಗ "ನೀನೇ ಏನು ಮಾಡಿದ್ದೀಯಾ?" ಅಂತ ಕೇಳುತ್ತಾರೆ. ಆಗ ಅವನಿಗೆ ಹೇಳಲು ಒಂದು ವಿಷಯ ಇರುತ್ತದೆ, ಅವನನ್ನು ಹತ್ತಿರದಿಂದ ನೋಡಿ ಪತ್ರ ಬರೆದುಕೊಡಲು ಒಬ್ಬ ಮೇಡಂ ಇರುತ್ತಾರೆ. ವಾರಕ್ಕೆ ಒಂದು ಸಂಜೆ ಇದಕ್ಕೆ ಕೊಟ್ಟರೆ ಕೋಚಿಂಗ್ ತಪ್ಪುವುದಿಲ್ಲ.

ಮಗನಿಗೆ ನನ್ನ ಕಡೆಯಿಂದ ಎರಡು ಮಾತು ಹೇಳಿ. ಕಾರ್ಮಿಕರನ್ನು ಮಾತಾಡಿಸುವಾಗ ತೋಟದ ಮಾಲೀಕರಾಗಲಿ ಲೆಕ್ಕ ಬರೆಯುವ ರೈಟರ್ ಆಗಲಿ ಪಕ್ಕದಲ್ಲಿ ನಿಂತಿರಬಾರದು, ನಿಂತಿದ್ದರೆ ಸಿಗುವುದು ಅವರಿಗೆ ಬೇಕಾದ ಉತ್ತರ. ಯಾಕೆ ಕೇಳುತ್ತಿದ್ದೇನೆ ಅಂತ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. "ಬೇಡ" ಅಂದವರನ್ನು ಬಿಟ್ಟುಬಿಡಬೇಕು, ವರದಿಯಲ್ಲಿ ಯಾರ ಹೆಸರೂ ಬರಬಾರದು. ದಿನವಿಡೀ ಕಾಯಿ ಕುಯ್ದು ಬಂದವರು ಒಲೆ ಹಚ್ಚುವ ಹೊತ್ತಿಗೆ ನಲವತ್ತು ಪ್ರಶ್ನೆಯ ಪಟ್ಟಿ ಹಿಡಿದುಕೊಂಡು ಹೋಗುವುದು ತಪ್ಪು. ಹತ್ತು ಪ್ರಶ್ನೆ ಸಾಕು. ಯರವ, ಕುರುಬ ಬುಡಕಟ್ಟಿನವರ ಮನೆಗಳಲ್ಲಿ ಅವರವರ ಭಾಷೆಯಲ್ಲೇ ಮಾತಾಡಬಲ್ಲ ಗೆಳೆಯರನ್ನು ಜೊತೆಗೆ ಕರೆದೊಯ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನನ್ನ ಪ್ರಾಜೆಕ್ಟ್ ಪೋಸ್ಟರ್ ಸೆಮಿನಾರ್‌ಗೆ ಆಯ್ಕೆಯಾಗಿದೆ. ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಜನರ ಮುಂದೆ ನಿಂತರೆ ಕೈ ನಡುಗುತ್ತದೆ.
ವಿದ್ಯಾರ್ಥಿ, ವಿರಾಜಪೇಟೆ

ಉತ್ತರ: ಕನ್ನಡದಲ್ಲಿ ಮಂಡಿಸಬಹುದಾ ಅಂತ ಆಯೋಜಕರನ್ನು ನೇರವಾಗಿ ಕೇಳಿ. ಕೇಳಿದವರಿಗೆ ಎಷ್ಟೋ ಸಲ "ಆಗಲಿ" ಅಂದದ್ದನ್ನು ನಾನು ನೋಡಿದ್ದೇನೆ. ಇಂಗ್ಲಿಷ್‌ನಲ್ಲೇ ಆಗಬೇಕು ಅಂದರೆ ಮೊದಲ ಎರಡು ವಾಕ್ಯ ಮಾತ್ರ ಬಾಯಿಪಾಠ ಮಾಡಿ, ಉಳಿದದ್ದನ್ನು ಚಿತ್ರ ತೋರಿಸುತ್ತಾ ಹೇಳಿ. ಪೋಸ್ಟರ್‌ನ ಒಳ್ಳೆಯ ಗುಣವೇ ಅದು: ಒಬ್ಬಿಬ್ಬರು ಎದುರು ನಿಲ್ಲುತ್ತಾರೆ, ಬೆರಳಿಟ್ಟು ತೋರಿಸಿ ಮಾತಾಡಬಹುದು. ಮನೆಯಲ್ಲಿ ಅಜ್ಜಿಯನ್ನು ಕೂರಿಸಿ ಮೂರು ನಿಮಿಷದಲ್ಲಿ ಹೇಳಿ ನೋಡಿ. ಅವರು ಎಲ್ಲಿ "ಹಾಗಂದ್ರೆ?" ಅಂತಾರೋ ಅಲ್ಲಿ ನಿಮ್ಮ ಮಾತು ತಿದ್ದಬೇಕು.

ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ "ಅದನ್ನು ನಾನು ಅಳೆದಿಲ್ಲ" ಅನ್ನಿ. ಒಮ್ಮೆ ಒಬ್ಬ ಹುಡುಗಿ ಜೇನು ಎಣಿಸಿದ ಕೆಲಸ ಮಂಡಿಸುತ್ತಿದ್ದಳು. "ಸಂಜೆ ಹೊತ್ತು ಎಷ್ಟು ಬರುತ್ತವೆ?" ಅಂತ ಯಾರೋ ಕೇಳಿದರು. "ಸರ್, ನಾನು ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಮಾತ್ರ ನಿಂತಿದ್ದೆ" ಅಂದಳು. ಕೇಳಿದವರು ತಲೆದೂಗಿ ತಮ್ಮ ಡೈರಿಯಲ್ಲಿ ಬರೆದುಕೊಂಡರು. ನನಗೆ ಆ ದಿನ ಹೆಮ್ಮೆಯಾಯಿತು.

ಇನ್ನೊಂದು ವಿಷಯ ಸಣ್ಣದಾದರೂ ತುಂಬಾ ಜನರ ಕಣ್ಣಲ್ಲಿ ನೀರು ತರಿಸಿದೆ. ಪೋಸ್ಟರ್ ಅಳತೆಯನ್ನು ಮೊದಲೇ ಕೇಳಿಕೊಳ್ಳಿ. ಎ-ಸೊನ್ನೆ (A0) ಅಂದರೆ 841 ಮತ್ತು 1189 ಮಿ.ಮೀ. ಅದು ನಿಲುವಾ ಅಡ್ಡವಾ ಅಂತಾನೂ ಕೇಳಿ. ಕನ್ನಡ ಇದ್ದರೆ ಫ್ಲೆಕ್ಸ್ ಅಂಗಡಿಗೆ ವರ್ಡ್ ಫೈಲ್ ಕೊಡಬೇಡಿ. ನೀವು ಯೂನಿಕೋಡ್‌ನಲ್ಲಿ ಟೈಪ್ ಮಾಡಿರುತ್ತೀರಿ, ಅಲ್ಲಿ ಹಳೇ ಸಾಫ್ಟ್‌ವೇರ್ ಇದ್ದರೆ ಒತ್ತಕ್ಷರವೆಲ್ಲ ಚದುರಿಹೋಗುತ್ತದೆ. ಪಿಡಿಎಫ್ ಮಾಡಿ ಕೊಡಿ. ಅಂಗಡಿಯ ಪರದೆ ಮೇಲೆ ಅದನ್ನು ದೊಡ್ಡದು ಮಾಡಿ ಒಂದೊಂದೇ ಸಾಲು ಓದಿ, ಆಮೇಲೆ ಪ್ರಿಂಟ್‌ಗೆ ಹೇಳಿ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬಂದಿದೆ. 1,500 ರೂಪಾಯಿ ಕಟ್ಟಿದರೆ ಮೂರು ದಿನದಲ್ಲಿ ಸಂಶೋಧನಾ ಪೇಪರ್ ಪ್ರಕಟಿಸಿ ಸರ್ಟಿಫಿಕೇಟ್ ಕೊಡುತ್ತಾರಂತೆ. ಕಟ್ಟಬಹುದಾ? ಸರ್ ಹೆಸರು ಮೊದಲು ಬರಬೇಕಾ, ನಮ್ಮದಾ?
ಹೆಸರು ಬೇಡ, ಮಡಿಕೇರಿ

ಉತ್ತರ: ಕಟ್ಟಬೇಡಿ. ಮೂರು ದಿನದಲ್ಲಿ ಯಾರೂ ನಿಮ್ಮ ಪೇಪರ್ ಓದಿ ತಪ್ಪು ಹುಡುಕಲಾರರು. ಪ್ರಕಟಣೆ ಅನ್ನುವುದಕ್ಕೆ ಬೆಲೆ ಬರುವುದೇ ಬೇರೊಬ್ಬರು ಓದಿ ಪ್ರಶ್ನೆ ಕೇಳಿದಾಗ. ಮುಂದೆ ನೀವು ಪಿ.ಎಚ್‌ಡಿ.ಗೆ ಅರ್ಜಿ ಹಾಕುವಾಗ ಆ ಪತ್ರಿಕೆಯ ಹೆಸರು ನಿಮಗೇ ಭಾರವಾಗುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಒಳ್ಳೆಯ ಸಂಶೋಧನಾ ಪತ್ರಿಕೆಗಳ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿದ್ದಾರೆ. ಈಗ ಪತ್ರಿಕೆಯನ್ನು ಜರಡಿ ಹಿಡಿಯುವ ಕೆಲಸ ಕಾಲೇಜುಗಳ ಮೇಲೆ, ನಿಮ್ಮ ಮೇಲೆ ಬಿದ್ದಿದೆ. ಡಿಗ್ರಿ ಹಂತದಲ್ಲಿ ಒಂದು ಒಳ್ಳೆಯ ಪೋಸ್ಟರ್, ಒಂದು ಚೊಕ್ಕ ವರದಿ ಇದ್ದರೆ ಸಾಕು.

ಹೆಸರಿನ ವಿಷಯವನ್ನು ಕೆಲಸ ಶುರುವಾಗುವ ಮೊದಲೇ ಮಾತಾಡಿಕೊಳ್ಳಬೇಕು. ಕೆಲಸದ ಹೆಚ್ಚಿನ ಪಾಲು ಯಾರು ಮಾಡಿ ಬರೆದರೋ ಅವರ ಹೆಸರು ಮೊದಲು. ದಾರಿ ತೋರಿಸಿ ತಿದ್ದಿಕೊಟ್ಟ ಸರ್ ಹೆಸರು ಕೊನೆಗೆ ಬಂದರೆ ವಿಜ್ಞಾನದಲ್ಲಿ ಅದೇನೂ ಕಡಿಮೆ ಜಾಗ ಅಲ್ಲ. ಏನೂ ಮಾಡದವರ ಹೆಸರನ್ನು ಸುಮ್ನೆ ಸೇರಿಸುವುದು ಬೇಡ. ಕೇಳಲು ಸಂಕೋಚ ಆದರೆ "ಸರ್, ಹೆಸರು ಯಾವ ಕ್ರಮದಲ್ಲಿ ಹಾಕೋಣ?" ಅಂತ ಕೇಳಿ, ಅಷ್ಟೇ.

ಪ್ರಶ್ನೆ: ಪ್ರಾಜೆಕ್ಟ್‌ಗೆ ನಮ್ಮೂರ ದೇವರಕಾಡಿನಿಂದ ಗಿಡ, ಕಪ್ಪೆ ತರಬಹುದಾ?
ವಿದ್ಯಾರ್ಥಿಗಳು, ಪೊನ್ನಂಪೇಟೆ

ಉತ್ತರ: ಕೇಳದೆ ಒಂದು ಎಲೆಯನ್ನೂ ತರಬೇಡಿ. ಊರಿನ ದೇವಸ್ಥಾನ ಸಮಿತಿಯವರನ್ನು, ಅರಣ್ಯ ಇಲಾಖೆಯವರನ್ನು ಇಬ್ಬರನ್ನೂ ಕೇಳಬೇಕು. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳಲ್ಲಾದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಧ್ಯಯನಕ್ಕೇ ಅನುಮತಿ ಬೇಕು, ಅದಕ್ಕೆ ತಿಂಗಳುಗಟ್ಟಲೆ ಆಗಬಹುದು. ನಿಮ್ಮ ಕೆಲಸಕ್ಕೆ ಫೋಟೋ, ಕಪ್ಪೆ ಕೂಗಿನ ರೆಕಾರ್ಡಿಂಗ್ ಸಾಲದಾ? ಸಾಲುತ್ತದೆ ಅಂತಲೇ ನನಗೆ ಅನಿಸುತ್ತದೆ.

ಪ್ರಶ್ನೆ: ಸರ್ಕಾರಿ ಕಾಲೇಜಿನಲ್ಲಿ ಉಪನ್ಯಾಸಕಿ. ಅರವತ್ತು ವಿದ್ಯಾರ್ಥಿಗಳು, ಲ್ಯಾಬ್ ಹೆಸರಿಗಷ್ಟೇ, ದುಡ್ಡಿಲ್ಲ. ಹೇಗೆ ಮಾರ್ಗದರ್ಶನ ಮಾಡಲಿ?
ಸೋಮವಾರಪೇಟೆ

ಉತ್ತರ: ಮೇಡಂ, ಅರವತ್ತು ಪ್ರಾಜೆಕ್ಟ್ ಯಾರಿಂದಲೂ ಆಗದು. ಒಂದೇ ಪ್ರಶ್ನೆ ಇಟ್ಟುಕೊಳ್ಳಿ, ನಾಲ್ಕು ನಾಲ್ಕು ಜನರ ಹದಿನೈದು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಊರು ಕೊಡಿ. ಮೇಲೆ ನಾಪೋಕ್ಲಿನ ಹುಡುಗಿ ಕೇಳಿದ ಮಳೆ ಪುಸ್ತಕವನ್ನೇ ತಗೊಳ್ಳಿ. ಹದಿನೈದು ತೋಟದ ಪುಸ್ತಕ ಸಿಕ್ಕಿದರೆ ಒಂದು ತೋಟ ಹೇಳಲಾರದ್ದನ್ನು ಅವೆಲ್ಲ ಸೇರಿ ಹೇಳುತ್ತವೆ. ಖರ್ಚು ಬಸ್ ಚಾರ್ಜ್ ಮಾತ್ರ. ನಿಮ್ಮ ವಿದ್ಯಾರ್ಥಿಗಳಲ್ಲಿ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಪಡೆದವರಿದ್ದರೆ ವರ್ಷದ 80,000 ರೂಪಾಯಿಯಲ್ಲಿ 20,000 ಬೇಸಿಗೆ ಪ್ರಾಜೆಕ್ಟ್‌ಗೆ ಅಂತಲೇ ಇದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ವಿದ್ಯಾರ್ಥಿಗಳಷ್ಟೇ ಅಲ್ಲ, ಅಧ್ಯಾಪಕರೂ ಅರ್ಜಿ ಹಾಕಬಹುದು. ನೀವೂ ಹಾಕಿ.

ಲ್ಯಾಬ್ ಕೊರತೆಗೆ ಜಿಲ್ಲೆಯೊಳಗೇ ದಾರಿ ಇದೆ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದಲ್ಲಿ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು. ಪ್ರಾಂಶುಪಾಲರ ಪತ್ರ ಹಿಡಿದು, ಮೊದಲೇ ಫೋನ್ ಮಾಡಿ, ನಾಲ್ಕೈದು ಮಕ್ಕಳನ್ನು ಮಾತ್ರ ಕರೆದುಕೊಂಡು ಹೋಗಿ. ಹೂ ಮಳೆಯ ವಾರದಲ್ಲೂ ಕೊಯ್ಲಿನ ದಿನಗಳಲ್ಲೂ ಅಲ್ಲಿನವರಿಗೆ ಕೈ ತುಂಬಾ ಕೆಲಸ. ಜುಲೈ, ಆಗಸ್ಟ್‌ನ ಜಡಿಮಳೆಯಲ್ಲಿ ಹೋದರೆ ಕೂತು ಮಾತಾಡಲು ಅವರಿಗೂ ಪುರುಸೊತ್ತು ಇರುತ್ತದೆ.