ಅಪ್ಪನ ಕೋವಿ, ಕೊಡಗಿನ ವಿನಾಯಿತಿ, ತೋಟದ ಹಂದಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಪ್ಪ ತೀರಿಕೊಂಡು ಮೂರು ತಿಂಗಳಾಯಿತು. ಅವರ ಜೋಡುನಳಿಗೆ ತೋಟೆ (ಕಾರ್ಟ್ರಿಜ್) ಕೋವಿ ಮನೆಯ ಬೀರುವಿನಲ್ಲೇ ಇದೆ. ಲೈಸೆನ್ಸ್ ಮುಗಿಯಲು ಇನ್ನೂ ಎರಡು ವರ್ಷ ಇದೆ. ಅಲ್ಲಿಯವರೆಗೆ ಇಟ್ಟುಕೊಳ್ಳಬಹುದೇ? (ತೀರ್ಥಹಳ್ಳಿ)

ಉತ್ತರ: ಇಟ್ಟುಕೊಳ್ಳುವಂತಿಲ್ಲ. ಲೈಸೆನ್ಸ್ ಕೊಟ್ಟಿದ್ದು ನಿಮ್ಮ ತಂದೆಗೆ. ಅವರು ಹೋದ ಮೇಲೆ ಪುಸ್ತಕದಲ್ಲಿ ಎಷ್ಟು ವರ್ಷ ಉಳಿದಿದ್ದರೂ ಲೆಕ್ಕಕ್ಕಿಲ್ಲ. ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ 2ರಿಂದ 5 ವರ್ಷ ಜೈಲು. ಆದ್ದರಿಂದ ಇವತ್ತೇ ಠಾಣೆಗೆ ತಿಳಿಸಿ, ಕೋವಿಯನ್ನೂ ಉಳಿದ ತೋಟೆಗಳನ್ನೂ ಅಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಬಳಿ ಠೇವಣಿ ಇಡಿ. ಶಸ್ತ್ರಾಸ್ತ್ರ ಕಾಯ್ದೆ, 1959ರ 21ನೇ ಕಲಂ ಹೇಳುವುದು ಇದನ್ನೇ.

ರಸೀದಿಯಲ್ಲಿ ತಯಾರಕರ ಹೆಸರು, ನಳಿಗೆಯ ಅಳತೆ (12 ಬೋರ್), ಜೋಡುನಳಿಗೆ, ಕ್ರಮಸಂಖ್ಯೆ, ತೋಟೆಗಳ ಎಣಿಕೆ ಎಲ್ಲವೂ ಇರಲಿ. ಹೆಚ್ಚಿನ ಅರ್ಜಿಗಳು ಎಡವುವುದು ಕ್ರಮಸಂಖ್ಯೆಯಲ್ಲೇ. ಹಳೆಯ ಕೋವಿಗಳಲ್ಲಿ ಸಂಖ್ಯೆ ಸವೆದು, 8 ಇದ್ದದ್ದು 3 ಆಗಿ ಕಾಣುತ್ತದೆ. ಲೈಸೆನ್ಸ್ ಪುಸ್ತಕದಲ್ಲಿ ಯಾರೋ ಗುಮಾಸ್ತರು ಹಾಗೆಯೇ ಬರೆದಿರುತ್ತಾರೆ. ಕೋವಿ ಖಾಲಿ ಇದೆಯೆಂದು ಖಚಿತ ಮಾಡಿಕೊಂಡು, ಸಂಖ್ಯೆಯ ಮೇಲೆ ಎಣ್ಣೆ ಬಟ್ಟೆ ಆಡಿಸಿ, ಓರೆ ಬೆಳಕಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಆಮೇಲೆ ನಿಮ್ಮ ಹೆಸರಿಗೆ ಲೈಸೆನ್ಸ್ ಕೋರಿ ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ. ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ, ವೈದ್ಯಕೀಯ ಪ್ರಮಾಣಪತ್ರ, ಕೋವಿ ಬಳಕೆಯ ತರಬೇತಿ ಪತ್ರ, ಭದ್ರವಾಗಿ ಬೀಗ ಹಾಕಿಡುವ ವ್ಯವಸ್ಥೆಯ ವಿವರ ಬೇಕಾಗುತ್ತವೆ. ನಿಮ್ಮ ಹೆಸರಲ್ಲಿ ಈಗಾಗಲೇ ಎರಡು ಕೋವಿ ಇದ್ದರೆ ಇದು ಸಿಗುವುದಿಲ್ಲ. ಒಬ್ಬರಿಗೆ ಎರಡೇ ಎಂಬ ಮಿತಿ ಪಿತ್ರಾರ್ಜಿತ ಕೋವಿಗೂ ಅನ್ವಯಿಸುತ್ತದೆ. ಹೊಸ ಲೈಸೆನ್ಸಿನಲ್ಲಿ ಶಸ್ತ್ರಾಸ್ತ್ರ ಲೈಸೆನ್ಸ್‌ಗಳ ರಾಷ್ಟ್ರೀಯ ದತ್ತಾಂಶದ ವಿಶಿಷ್ಟ ಗುರುತಿನ ಸಂಖ್ಯೆ, ಅಂದರೆ ಯುಐಎನ್, ಬಂದಿದೆಯೇ ನೋಡಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ, ಮೇಲ್ಮನವಿಗೆ ಅದೇ ಆಧಾರ.

ಇನ್ನೊಂದು ಮಾತು, ಮನೆಯಲ್ಲಿ ಹಿರಿಯರಿರುವ ಎಲ್ಲರಿಗೂ: ಲೈಸೆನ್ಸ್‌ದಾರರಿಗೆ 70 ತುಂಬಿದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರು ಸೂಚಿಸಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅವಕಾಶವಿದೆ. ಹೆಚ್ಚಿನವರು ಇದನ್ನು ಬಳಸಿಕೊಳ್ಳುವುದೇ ಇಲ್ಲ. ದಯವಿಟ್ಟು ಬಳಸಿಕೊಳ್ಳಿ.

ಪ್ರಶ್ನೆ: ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸೇ ಬೇಡವಲ್ಲ, ಮತ್ತೆ ಅರಣ್ಯ ಇಲಾಖೆಯಲ್ಲಿ ನೋಂದಣಿ ಯಾಕೆ? (ಶ್ರೀಮಂಗಲ)

ಉತ್ತರ: ಎರಡೂ ಬೇರೆ ಬೇರೆ ಕಾನೂನು. ನಿಮಗಿರುವುದು ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನಡಿ ಲೈಸೆನ್ಸಿನಿಂದ ವಿನಾಯಿತಿ. ವನ್ಯಜೀವಿ ಕಾಯ್ದೆ, 1972ರ 34ನೇ ಕಲಂ ಅಭಯಾರಣ್ಯದಿಂದ 10 ಕಿ.ಮೀ. ಒಳಗಿರುವ ಕೋವಿದಾರರೆಲ್ಲ ಹೆಸರು ನೋಂದಾಯಿಸಬೇಕು ಎನ್ನುತ್ತದೆ. ವಿನಾಯಿತಿ ಪಡೆದವರನ್ನೂ ಹೆಸರಿಟ್ಟೇ ಸೇರಿಸಿದೆ. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಅಭಯಾರಣ್ಯಗಳು, ಜೊತೆಗೆ ನಾಗರಹೊಳೆ ರಾಷ್ಟ್ರೀಯ ಉದ್ಯಾನ ಇರುವ ಜಿಲ್ಲೆಯಲ್ಲಿ ಈ ವ್ಯಾಪ್ತಿಗೆ ಬರುವ ಮನೆಗಳು ಎಷ್ಟಿರಬಹುದು, ನೀವೇ ಊಹಿಸಿ.

ವಿನಾಯಿತಿ ಇರುವುದು ವ್ಯಕ್ತಿಗೆ ಎಂಬುದನ್ನೂ ಮರೆಯಬೇಡಿ. ರಾತ್ರಿ ಕಾವಲಿಗೆ ಹೋಗುವ ಆಳಿನ ಕೈಗೆ ಕೋವಿ ಕೊಟ್ಟು ಕಳಿಸುವುದು ತೋಟಗಳಲ್ಲಿ ತೀರಾ ಸಾಮಾನ್ಯವಾದ ತಪ್ಪು, ಸಿಕ್ಕಿಬೀಳುವುದು ಆ ಬಡಪಾಯಿ. ಜಿಲ್ಲೆಯ ಹೊರಗೆ ಒಯ್ಯುವುದಕ್ಕೂ ಮಿತಿಯಿದೆ: ಒಂದು ರೈಫಲ್ ಮತ್ತು 100 ಗುಂಡು, ಒಂದು ಸಾದಾ ನಳಿಗೆಯ (ಒಳಗೆ ಸುರುಳಿ ಗೆರೆಗಳಿಲ್ಲದ) ಕೋವಿ ಮತ್ತು 500 ತೋಟೆ.

ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೋಳ್ದ್ ದಿನ ತೋಕಿನ (ಕೋವಿಯ) ನಳಿಗೆಗೆ ತೋಕ್ ಪೂವು (ಕೋವಿ ಹೂವು) ಸಿಕ್ಕಿಸಿ ಪೂಜಿಸುವ ಮನೆಗಳಲ್ಲಿ ಕೋವಿಯ ದಾಖಲೆಯೂ ಅಷ್ಟೇ ಜೋಪಾನವಾಗಿರಬೇಕು. ಕೋವಿ ಕಳವಾದರೆ ನಿಮ್ಮದೆಂದು ತೋರಿಸಲು ಬೇರೇನೂ ಇರುವುದಿಲ್ಲ.

ಪ್ರಶ್ನೆ: ಈ ಲೈಸೆನ್ಸ್ ವಿನಾಯಿತಿ ಕೊಡಗಿಗೆ ಮಾತ್ರ ಯಾಕೆ? ನಮ್ಮ ತೋಟಕ್ಕೂ ಆನೆ ಬರುತ್ತದೆ. ಇದು ತಾರತಮ್ಯವಲ್ಲವೇ? (ಸಕಲೇಶಪುರ)

ಉತ್ತರ: 1857ರ ದಂಗೆಯ ಬಳಿಕ ದೇಶದ ಜನರ ಆಯುಧ ಕಿತ್ತುಕೊಂಡ ಬ್ರಿಟಿಷರು, 1861ರಲ್ಲಿ ಆಗಿನ ಕಮಿಷನರ್ ಮಾರ್ಕ್ ಕಬ್ಬನ್ ಘೋಷಣೆಯ ಮೂಲಕ ಕೊಡಗರಿಗೆ ಅದರಿಂದ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತದ ಸರ್ಕಾರ 1963ರ ಅಧಿಸೂಚನೆಯಲ್ಲಿ ಅದನ್ನು ಉಳಿಸಿಕೊಂಡಿತು. 2019ರ ಅಕ್ಟೋಬರಿನಲ್ಲಿ ಮತ್ತೆ 10 ವರ್ಷ, ಅಂದರೆ 2029ರವರೆಗೆ ವಿಸ್ತರಿಸಿತು. ಕುಲ ಮತ್ತು ಭೂಹಿಡುವಳಿ ನೋಡಿ ಕೊಡುವ ವಿನಾಯಿತಿ ಸಮಾನತೆಗೆ ವಿರುದ್ಧ ಎಂಬ ವಾದವನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಸಮುದಾಯದ ಯೋಧ ಪರಂಪರೆ ಮತ್ತು ವಿನಾಯಿತಿಗಿರುವ ಷರತ್ತುಗಳು, ಕಾಲಮಿತಿ ಅದರ ಕಾರಣಗಳಾಗಿದ್ದವು. ಅಮೆರಿಕದಲ್ಲಿರುವಂತೆ ಕೋವಿ ಹಿಡಿಯುವುದು ನಮ್ಮ ಸಂವಿಧಾನದಲ್ಲಿ ಮೂಲಭೂತ ಹಕ್ಕಲ್ಲ. ಹಾಗಾಗಿ ನಿಮ್ಮ ಬೇಡಿಕೆಗೆ ದಾರಿ ಬೆಳೆ ರಕ್ಷಣೆಯ ಲೈಸೆನ್ಸ್. ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಕೇಪಿನ ಕೋವಿಗೆ (ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ) ಅವಕಾಶವಿದೆ. ಅದು ಸಾಲದೆಂದು ಮನವರಿಕೆ ಮಾಡಿಕೊಟ್ಟರೆ ಬೇರೆ ಸಾದಾ ನಳಿಗೆಯ ಕೋವಿಗೂ ಇದೆ. ಪಹಣಿಯ ಜೊತೆ ಬೆಳೆನಷ್ಟ ಪರಿಹಾರಕ್ಕೆ ಹಿಂದೆ ಕೊಟ್ಟ ಅರ್ಜಿಗಳ ಪ್ರತಿ ಲಗತ್ತಿಸಿ. ಬರಿಯ ಬಾಯಿಮಾತಿಗಿಂತ ಅವು ಹೆಚ್ಚು ತೂಗುತ್ತವೆ.

ಪ್ರಶ್ನೆ: ಪ್ರತಿ ಚುನಾವಣೆಗೂ ಕೋವಿ ಠೇವಣಿ ಇಡಲೇಬೇಕೇ? (ಶೃಂಗೇರಿ)

ಉತ್ತರ: ಚುನಾವಣಾ ಆಯೋಗದ ಸೂಚನೆಯಂತೆ ಪರಿಶೀಲನಾ ಸಮಿತಿ ಪ್ರಕರಣವಾರು ನೋಡಬೇಕು: ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯವರು, ಗಲಭೆಯಲ್ಲಿ ಪಾಲ್ಗೊಂಡವರು ಮೊದಲ ಸಾಲಿನಲ್ಲಿ. ಯಾವ ದೂರೂ ಇಲ್ಲದ ಬೆಳೆಗಾರರ ಕೋವಿಯನ್ನೂ ಸಾರಾಸಗಟಾಗಿ ಕೇಳುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೂ ಆದೇಶ ಬಂದರೆ ಧಿಕ್ಕರಿಸಬೇಡಿ. ವಿನಾಯಿತಿ ಕೋರಿ ಸಮಿತಿಗೆ ಮೊದಲೇ ಬರೆದುಕೊಡಿ. ಇಡುವ ಮುನ್ನ ನಳಿಗೆಯ ಒಳಗೂ ಹೊರಗೂ ತೆಳುವಾಗಿ ಎಣ್ಣೆ ಸವರಿ. ಠಾಣೆಯ ತೇವದ ಮೂಲೆಯಲ್ಲಿ ತಿಂಗಳು ನಿಂತ ಕೋವಿಗೆ ತುಕ್ಕು ಹಿಡಿಯುವುದು ಖಂಡಿತ.

ಪ್ರಶ್ನೆ: ಲೈಸೆನ್ಸ್ ಇದ್ದರೆ ಬೆಳೆ ತಿನ್ನುವ ಹಂದಿ ಹೊಡೆಯಬಹುದೇ? (ಶಿರಸಿ)

ಉತ್ತರ: ಇಲ್ಲ. ವನ್ಯಜೀವಿ ಕಾಯ್ದೆಯ 11ನೇ ಕಲಮಿನಡಿ ಅಧಿಕೃತ ಅಧಿಕಾರಿಯ ಲಿಖಿತ ಆದೇಶ ಬೇಕು. ಆದೇಶದಂತೆ ಹೊಡೆದರೂ ಸತ್ತ ಪ್ರಾಣಿ ಸರ್ಕಾರದ ಸೊತ್ತು, ಮಾಂಸ ಹಂಚಿಕೊಳ್ಳುವಂತಿಲ್ಲ.