ರೂಟರ್ ಆಮೇಲೆ, ಮೊದಲು ಗೋಡೆಯ ಕೇಬಲ್ ನೋಡಿ

ನ್ಯೂಜೆರ್ಸಿಯ ಬಾಡಿಗೆ ಮನೆ, ಟಿವಿ ಕೇಬಲ್‌ನಲ್ಲೇ ಬರೋ ಇಂಟರ್ನೆಟ್, ಮೋಡೆಮ್-ರೂಟರ್ ಎರಡೂ ಒಂದೇ ಡಬ್ಬಿ, ಸಂಜೆಯಾದರೆ ವೈಫೈ ಹೋಗಿ ಬರುತ್ತೆ, ಹೊಸ ರೂಟರ್ ಕೊಳ್ಳಲಾ ಅಂತ ಕೇಳಿದ್ದೀರಿ. ದುಡ್ಡು ಸುರಿಯೋ ಮುಂಚೆ ಲ್ಯಾಪ್‌ಟಾಪನ್ನು ಲ್ಯಾನ್ ವೈರಿನಿಂದ ನೇರ ಡಬ್ಬಿಗೆ ಸಿಕ್ಕಿಸಿ ಒಂದು ಸಂಜೆ ನೋಡಿ. ವೈರಿನಲ್ಲೂ ಕಟ್ ಆದರೆ ತಪ್ಪು ವೈಫೈದಲ್ಲ.

ಆಗ ಬ್ರೌಸರಿನಲ್ಲಿ 192.168.100.1 ತೆರೆಯಿರಿ (ಕೆಲವು ಡಬ್ಬಿಗಳಲ್ಲಿ 10.0.0.1), ಡಬ್ಬಿಯ ಸಿಗ್ನಲ್ ಅಂಕಿಗಳು ಅಲ್ಲಿರುತ್ತವೆ. ಡೌನ್‌ಸ್ಟ್ರೀಮ್ (ಮನೆಗೆ ಬರೋ ಸಿಗ್ನಲ್) ಪವರ್ -7ರಿಂದ +7 ಡಿಬಿಎಂವಿ (ಸಿಗ್ನಲ್ ಬಲದ ಅಳತೆ) ಒಳಗೆ, ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಜೋರು ಅನ್ನೋ ಅಂಕಿ) 33 ಡಿಬಿಗಿಂತ ಮೇಲೆ ಇದ್ದರೆ ನೆಮ್ಮದಿ. ಅಪ್‌ಸ್ಟ್ರೀಮ್ (ಡಬ್ಬಿ ವಾಪಸ್ ಕಳಿಸೋ ಸಿಗ್ನಲ್) ಪವರ್ 50 ದಾಟಿದೆಯಾ? ಅಂದರೆ ಡಬ್ಬಿ ಕೇಬಲ್ ಕಂಪನಿಯ ತುದಿಗೆ ಕೇಳಿಸಲಿ ಅಂತ ಗಂಟಲು ಹರಿದುಕೊಳ್ತಿದೆ. ನನ್ನ ಮನೇಲಿ ಕಳ್ಳ ಸಿಕ್ಕಿದ್ದು ಸೋಫಾ ಹಿಂದೆ: ಹಿಂದಿನ ಬಾಡಿಗೆದಾರರು ಟಿವಿಗೆ ಹಾಕಿದ್ದ ಸ್ಪ್ಲಿಟರ್, ಅಂದರೆ ಒಂದು ಕೇಬಲನ್ನು ಕವಲು ಮಾಡೋ ತುಂಡು. ಎರಡು ಕವಲಿನದು ಸುಮಾರು 3.5 ಡಿಬಿ ನುಂಗುತ್ತೆ, ಅಲ್ಲಿ ಒಂದರ ಹಿಂದೆ ಒಂದು ಎರಡಿದ್ದವು! ಕಿತ್ತು ಕನೆಕ್ಟರ್ ಬಿಗಿ ಮಾಡಿದೆ, ಅಷ್ಟೇ.

ವೈರಿನಲ್ಲಿ ಎಲ್ಲ ಸರಿಯಿದ್ದರೆ ಅಕ್ಕಪಕ್ಕದವರ ವೈಫೈ ಗದ್ದಲ ಇರಬಹುದು. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ 1, 6, 11ರಲ್ಲಿ ಖಾಲಿ ಇರೋದು ಹಿಡಿಯಿರಿ, ಡಬ್ಬಿಗೆ ಹತ್ತಿರದ ಸಾಧನಗಳನ್ನು 5 ಗಿಗಾಹರ್ಟ್ಸ್‌ಗೆ ಹಾಕಿ. ಕೊನೆಗೆ ರೂಟರ್ ಕೊಂಡರೂ ಹಳೇ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ (ಬರೀ ಮೋಡೆಮ್ ಆಗಿ ಕೆಲಸ ಮಾಡೋ ಹಾಗೆ) ಹಾಕೋದು ಮರೀಬೇಡಿ, ಇಲ್ಲದಿದ್ದರೆ ಎರಡು ರೂಟರ್‌ಗಳೂ ವಿಳಾಸ ಬದಲಿಸೋ ಡಬಲ್ ನ್ಯಾಟ್ ತಲೆನೋವು ಬೇರೆ. ಆ ಪವರ್ ಅಂಕಿಗಳನ್ನು ಇಲ್ಲಿ ಹಾಕಿ, ನೋಡೋಣ.